ಮಂಗಗಳ ಪಹಣಿ

ಮಹಾರಾಷ್ಟ್ರದಲ್ಲಿ ಉಪಳಾ ಎಂಬ ಹಳ್ಳಿಯಿದೆ. ಹಿಂದೆ ಉಸ್ಮಾನಾಬಾದ್ ಎನ್ನುತ್ತಿದ್ದ, ಈಗ ಧಾರಾಶಿವ ಎನ್ನುವ ಜಿಲ್ಲೆಗೆ ಸೇರಿದ್ದು. ಅಲ್ಲಿ 32 ಎಕರೆ ಜಮೀನು ಮಂಗಗಳ ಹೆಸರಿನಲ್ಲಿದೆ. ಗುಡಿಯೊಳಗಿನ ಆಂಜನೇಯನ ಹೆಸರಿನಲ್ಲಿದ್ದರೆ ಅದೇನು ಸುದ್ದಿಯಲ್ಲ. ಇದು ಮರದ ಮೇಲೆ ಕೂತು ಹೇನು ಹೆಕ್ಕುವ, ಊರಿನ ಸಮಸ್ತ ಮಂಗಗಳ ಆಸ್ತಿ. ಬರೆದುಕೊಟ್ಟ ಪುಣ್ಯಾತ್ಮ ಯಾರು, ಯಾವ ಕಾಲದವನು ಎಂಬುದು ಊರವರಿಗೂ ಗೊತ್ತಿಲ್ಲವಂತೆ. ದಾಖಲೆ ಮಾತ್ರ ಪಂಚಾಯತಿಯಲ್ಲಿ ಭದ್ರ. 2022ರ ಅಕ್ಟೋಬರಿನಲ್ಲಿ ಪತ್ರಿಕೆಗಳಲ್ಲಿ ಇದು ಬಂದಾಗ ಓದಿದವರೆಲ್ಲ ನಕ್ಕರು. ನನಗೆ ಹೊಟ್ಟೆ ಉರಿಯಿತು.

ಉರಿಯದೆ ಏನು? ‘ಸಮಸ್ತ ಮಂಗಗಳು’ ಎಂದ ಮೇಲೆ ಯಾರು ಸತ್ತರೂ ಪೌತಿ ಖಾತೆಯ ರಗಳೆಯಿಲ್ಲ. ನಮ್ಮಜ್ಜ ತೀರಿಕೊಂಡು ಕಾಲವಾಯಿತು, ಹೊಳೆದಂಡೆಯ ಗದ್ದೆ ಇನ್ನೂ ಅವರ ಹೆಸರಿನಲ್ಲೇ ಇದೆ. ವಂಶವೃಕ್ಷ ತನ್ನಿ ಎಂದು ಕಚೇರಿಯವರು ಓಡಾಡಿಸುತ್ತಲೇ ಇದ್ದಾರೆ. ಮಂಗಗಳಿಗೆ ಇರುವ ವೃಕ್ಷವೇ ಸಾಕು. ಹಿಸೆಯಿಲ್ಲ, ದಾಯಾದಿಗಳಿಲ್ಲ, ಗಡಿಕಲ್ಲನ್ನು ರಾತ್ರೋರಾತ್ರಿ ಸರಿಸುವ ಅಣ್ಣತಮ್ಮಂದಿರಿಲ್ಲ. ನನ್ನ ಪಹಣಿಯ 11ನೇ ಕಾಲಂ ತುಂಬ ಸೊಸೈಟಿ ಸಾಲ. ಅವುಗಳ ಲೆಕ್ಕದಲ್ಲಿ ಋಣ ಅಂತ ಏನಾದರೂ ಇದ್ದರೆ ಅದು ಸೇತುವೆ ಕಟ್ಟಿದ ಕಾಲದ್ದು, ಅದೂ ನಾವೇ ತೀರಿಸಬೇಕಾದದ್ದು.

ಉಪಳಾದಲ್ಲಿ ಮಂಗ ಬಾಗಿಲಿಗೆ ಬಂದರೆ ತಿನ್ನಲು ಕೊಡುತ್ತಾರೆ. ಹಿಂದೆಲ್ಲ ಮದುವೆಯಲ್ಲಿ ಮೊದಲ ಉಡುಗೊರೆ ಮಂಗಗಳಿಗೇ. ಆಮೇಲೇ ಉಳಿದ ಶಾಸ್ತ್ರ. ಈಗ ಎಲ್ಲರೂ ಆ ಪದ್ಧತಿ ನಡೆಸುವುದಿಲ್ಲವಂತೆ. ಕಾರಣ ನಾನು ಊಹಿಸಬಲ್ಲೆ. ಮುಯ್ಯಿ ಪಡೆದವರು ಮುಯ್ಯಿ ತೀರಿಸಬೇಕು ತಾನೇ? ಅವುಗಳ ಬಳಗದಿಂದ ಇದುವರೆಗೆ ಒಂದು ಕರೆಯೋಲೆಯಾದರೂ ಬಂದಿದೆಯೇ!

ನಮ್ಮ ಮಲೆನಾಡಿನ ಮರ್ಯಾದೆಯೇ ಬೇರೆ. ಶನಿವಾರ ಆಂಜನೇಯನಿಗೆ ಅಡ್ಡಬಿದ್ದು ಮನೆಗೆ ಬಂದವರೇ ಕವಣೆ ಹುಡುಕುವವರು ನಾವು. ಬಾಳೆಗೊನೆ ಬಲಿಯುವುದು ನಮಗೆ ಗೊತ್ತಾಗುವ ಮೊದಲೇ ಅವಕ್ಕೆ ಗೊತ್ತಾಗಿರುತ್ತದೆ. ಎಳೆ ಅಡಿಕೆಯನ್ನು ಕಚ್ಚಿ, ರಸ ಹೀರಿ, ಸಿಪ್ಪೆಯನ್ನು ಕೆಳಗೆ ನಿಂತು ಬೈಯುತ್ತಿರುವವನ ತಲೆಗೇ ಗುರಿಯಿಟ್ಟು ಬಿಡುತ್ತವೆ. ಗರ್ನಾಲು ಹೊಡೆದರೆ ಮೊದಮೊದಲು ಓಡುತ್ತವೆ. ಆಮೇಲೆ ಸದ್ದು ಬಂದ ಕಡೆ ತಿರುಗಿ ಕೂತು, ಇನ್ನೊಂದು ಹೊಡಿ ಎಂಬಂತೆ ಕಾಯುತ್ತವೆ. ತೀರ್ಥಹಳ್ಳಿ ಕಡೆಯ ನಾಲೂರಿನ ಕೃಷಿಕರೊಬ್ಬರು 2019ರಲ್ಲಿ ತಮ್ಮ ನಾಯಿಗೆ ಹುಲಿಪಟ್ಟೆ ಬಳಿದು ತೋಟಕ್ಕೆ ಬಿಟ್ಟದ್ದು ದೇಶವಿಡೀ ಸುದ್ದಿಯಾಯಿತು. ಮಂಗಗಳು ಹೆದರಿದವಂತೆ. ನಮ್ಮನೆ ನಾಯಿಗೂ ಬಳಿಯೋಣವೆಂದರೆ ಹೆಂಡತಿ ಬೇಡವೆಂದಳು. ಬಾನಿಯ ನೀರಿನಲ್ಲಿ ತನ್ನ ಮುಖ ಕಂಡು ಅದೇ ಊರು ಬಿಟ್ಟೀತು ಎಂಬ ಭಯ ಅವಳಿಗೆ.

ಉಪಳಾದ ನೆಮ್ಮದಿಗೆ ಭಕ್ತಿಯೊಂದೇ ಕಾರಣವೆಂದು ಹೇಳಿದರೆ ನಾನು ಒಪ್ಪುವುದಿಲ್ಲ. ಭಕ್ತಿಗೆ ನಮ್ಮಲ್ಲೇನು ಬರವೇ? ಅಲ್ಲಿರುವುದು ಸುಮಾರು ನೂರು ಮಂಗಗಳು. ಅವುಗಳ ಜಮೀನಿನಲ್ಲಿ ಅರಣ್ಯ ಇಲಾಖೆ ಗಿಡ ನೆಟ್ಟಿದೆ. ತಲೆಗಿಷ್ಟು ಎಂದು ಭಾಗಿಸಿದರೆ ಹನ್ನೆರಡು ಗುಂಟೆಯ ಮೇಲೇ ಬೀಳುತ್ತದೆ. ಅಜ್ಜನ ಗದ್ದೆಯಲ್ಲಿ ನನಗೆ ಬರಬಹುದಾದ ಪಾಲಿಗಿಂತ ಜಾಸ್ತಿ. ನಮ್ಮಲ್ಲೋ, ಹಲಸು, ನೇರಳೆ, ಮುರುಗಲು ಇದ್ದ ಎಷ್ಟೋ ಗುಡ್ಡಗಳಲ್ಲಿ ಅಕೇಶಿಯಾ ನೆಡುತೋಪು ಎದ್ದಿತು. ಅಕೇಶಿಯಾದಿಂದ ಕಾಗದ ಮಾಡಬಹುದು. ಕಾಗದ ತಿಂದು ಬದುಕುವ ವಿದ್ಯೆ ಮಂಗಗಳಿಗೆ ತಿಳಿಯದು, ಅದು ಕಚೇರಿಗಳಿಗಷ್ಟೇ ಸಿದ್ಧಿಸಿದೆ. ಹೀಗಾಗಿ ಅವು ನಮ್ಮ ತೋಟಗಳಲ್ಲಿ ಬಗರ್‌ಹುಕುಂ ಸಾಗುವಳಿಗೆ ಇಳಿದಿವೆ. ನಮೂನೆ 57 ಹಾಕಿಲ್ಲ, ಅಷ್ಟೆ.

ಇದನ್ನೆಲ್ಲ ಪಕ್ಕದ ತೋಟದ ಭಾವನಿಗೆ ವಿವರಿಸಿ, ನಾವೂ ಒಂದಿಷ್ಟು ಜಾಗ ಮಂಗಗಳಿಗೆಂದೇ ಬಿಟ್ಟು ಹಣ್ಣಿನ ಗಿಡ ನೆಡೋಣವೇ ಎಂದು ಕೇಳಿದೆ.

“ಒಳ್ಳೆ ಕೆಲಸ ಮಾರಾಯ, ಪುಣ್ಯ ಬರ್ತದೆ,” ಎಂದರು. “ಜಾಗ ಎಲ್ಲಿ ನೋಡಿದೀಯ?”

“ನಿಮ್ಮ ಸೊಪ್ಪಿನಬೆಟ್ಟದ ತುದಿ ಖಾಲಿ ಬಿದ್ದಿದೆಯಲ್ಲ ಭಾವ.”

ಭಾವ ಎದ್ದು ಅಂಗಳದ ಅಂಚಿಗೆ ಹೋಗಿ ಕವಳ ಉಗಿದು ಬಂದರು. “ಅಲ್ಲಿ ಬೇಸಿಗೇಲಿ ಹನಿ ನೀರಿಲ್ಲ. ಪಾಪ, ಮೂಕಪ್ರಾಣಿಗಳು. ನಿನ್ನ ಗದ್ದೆ ಹೊಳೆ ಪಕ್ಕವೇ ಇದೆ. ಅದೂ ಅಲ್ದೆ ಅದಿನ್ನೂ ನಿನ್ನ ಹೆಸರಿಗೆ ಆಗಿಲ್ಲ. ಅಜ್ಜನ ಹೆಸರಿಂದ ಸೀದಾ ಮಂಗಗಳ ಹೆಸರಿಗೇ ಮಾಡಿಸಿಬಿಡು, ನಡುವೆ ಒಂದು ಖಾತೆ ಬದಲಾವಣೆ ಖರ್ಚು ಉಳೀತದೆ!”