ಹವಾನಿಯಂತ್ರಕ ಜಲೋತ್ಸಾರಣ ಮೀಮಾಂಸೆ

೧. ಅನುಬಂಧಚತುಷ್ಟಯ ಪ್ರಕರಣ

ಯಾವ ಶಾಸ್ತ್ರಗ್ರಂಥವೇ ಆಗಲಿ, ತನ್ನ ವಿಷಯವೇನು, ಪ್ರಯೋಜನವೇನು, ಅವೆರಡಕ್ಕಿರುವ ಸಂಬಂಧವೇನು, ಓದತಕ್ಕ ಅಧಿಕಾರಿ ಯಾರು ಎಂಬ ನಾಲ್ಕನ್ನು ಆರಂಭದಲ್ಲಿಯೇ ನಿರೂಪಿಸದೆ ಮುಂದುವರಿದರೆ ವಿದ್ವಾಂಸರು ಅದನ್ನು ಆದರಿಸುವುದಿಲ್ಲ. ವಿದ್ವಾಂಸರು ಆದರಿಸಿದ್ದನ್ನು ಇತರರು ಓದುವುದಿಲ್ಲವೆಂಬುದು ಬೇರೆಯ ಮಾತು. ಆದಕಾರಣ ನಾವೂ ಸಂಪ್ರದಾಯವನ್ನು ಮೀರದೆ ಹೇಳುತ್ತೇವೆ. ಇಲ್ಲಿ ವಿಷಯವು, ಮನೆಯ ಎ.ಸಿ.ಯ ಒಳಗೆ ಸಂಚಯವಾಗುವ ನೀರನ್ನು ಮೇಲಕ್ಕೆತ್ತಿ ಹೊರಗೆ ಕಳುಹಿಸುವ, ಮೆಕ್ಯಾನಿಕ್ಕರ ಮಾತಿನಲ್ಲಿ ಡ್ರೈನ್ ಪಂಪು ಎನಿಸಿಕೊಂಡ, ಅಂಗೈಯಗಲದ ಜಲೋತ್ಸಾರಕ. ಪ್ರಯೋಜನವು, ಒಣಗಿದ ಗೋಡೆ ಮತ್ತು ಕೆಳಮನೆಯವರೊಡನೆ ಅವಿಚ್ಛಿನ್ನವಾದ ಸ್ನೇಹ. ಸಂಬಂಧವು ಕಾರ್ಯಕಾರಣರೂಪವಾದದ್ದು. ಅಧಿಕಾರಿಯೆಂದರೆ, ಮಂಗಳೂರು ಉಡುಪಿ ಕಾರವಾರಗಳಂಥ ಕಡಲತಡಿಯ ಊರಿನ ಫ್ಲ್ಯಾಟಿನಲ್ಲಿ ವಾಸಿಸುವವನೂ, ಮಲಗುವ ಕೋಣೆಗೆ ಅನುಕೂಲವಾದ ಹೊರಗೋಡೆಯಿಲ್ಲದವನೂ, ಇದ್ದರೂ ಒಳಾಂಗಣವನ್ನು ಅಲಂಕರಿಸಿದವರ ಮಾತಿಗೆ ಒಪ್ಪಿ ಯಂತ್ರವನ್ನು ಒಳಗೋಡೆಗೇ ಹಾಕಿಸಿಕೊಂಡವನೂ, ಅದರ ಪೈಪನ್ನು ಫಾಲ್ಸ್ ಸೀಲಿಂಗಿನ ಮೇಲೆ ಹಾಯಿಸಿ ಕಣ್ಮರೆ ಮಾಡಿಸಿ ಸಂತೋಷಪಟ್ಟವನೂ ಆದ ಗೃಹಸ್ಥನು. ಕಿಟಕಿ ತೆರೆದು ಮಲಗುವ ವಿರಕ್ತರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ.

೨. ಜಲೋತ್ಪತ್ತಿ ಪ್ರಕರಣ

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುತ್ತಾನೆ: “ಯಂತ್ರಕ್ಕೆ ನಾವು ಕರೆಂಟನ್ನು ಕೊಟ್ಟೆವೇ ಹೊರತು ನೀರನ್ನು ಕೊಡಲಿಲ್ಲ, ಕೊಡದ ನೀರು ಅಲ್ಲಿಂದ ಸುರಿಯುವುದೆಂದರೆ ಇಲ್ಲದ್ದರಿಂದ ಇರುವುದು ಹುಟ್ಟಿತೆಂದಾಗಲಿಲ್ಲವೇ?” ಆಗಲಿಲ್ಲ. ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುತ್ತದೆಂಬ ಸಾಂಖ್ಯರ ಸತ್ಕಾರ್ಯವಾದಕ್ಕೆ ಎ.ಸಿ.ಗಿಂತ ಉತ್ತಮವಾದ ದೃಷ್ಟಾಂತ ದೊರೆಯಲಾರದು. ಮೂವತ್ತು ಡಿಗ್ರಿ ಉಷ್ಣತೆಯೂ ಶೇಕಡಾ 80 ಆರ್ದ್ರತೆಯೂ ಇರುವ ಗಾಳಿಯ ಪ್ರತಿಯೊಂದು ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರು ಆವಿಯ ರೂಪದಲ್ಲಿ ಇದ್ದೇ ಇರುತ್ತದೆ. ಹನ್ನೆರಡಡಿ ಉದ್ದಗಲ, ಹತ್ತಡಿ ಎತ್ತರದ ಕೋಣೆಯೊಂದರ ಗಾಳಿಯನ್ನು ಹಿಂಡಲು ಸಾಧ್ಯವಾದರೆ ಹೆಚ್ಚುಕಡಿಮೆ ಒಂದು ಲೀಟರು ನೀರು ಸಿಕ್ಕೀತು. ಆ ಗಾಳಿಯು ತಣ್ಣಗಾಗಿ 24 ಡಿಗ್ರಿಗೆ ಇಳಿದು, ಆರ್ದ್ರತೆ ಅರ್ಧಕ್ಕೆ ಬಂದಾಗ ಅದರಲ್ಲಿ ಉಳಿಯುವುದು ಅರ್ಧ ಲೀಟರಿಗೂ ಕಡಿಮೆ. ಮಿಕ್ಕದ್ದು ಹತ್ತು ಡಿಗ್ರಿಯ ಆಸುಪಾಸಿನಲ್ಲಿರುವ ಕಾಯಿಲಿನ ಮೇಲೆ ಬೆವರಿ ಟ್ರೇಗೆ ಇಳಿಯುತ್ತದೆ. ಬಾಗಿಲಿನ ಸಂದಿಯಿಂದ ಹೊಸ ಗಾಳಿಯೂ, ಮಲಗಿರುವವರ ಉಸಿರಿನಿಂದ ಹೊಸ ಆವಿಯೂ ಬರುತ್ತಲೇ ಇರುವುದರಿಂದ ಈ ಇಳಿತಕ್ಕೆ ಕೊನೆಯಿಲ್ಲ. ಒಂದೂವರೆ ಟನ್ನಿನ ಯಂತ್ರವು ಕಡಲತಡಿಯ ಮೇ ತಿಂಗಳಿನಲ್ಲಿ ಗಂಟೆಗೆ ಒಂದೆರಡು ಲೀಟರನ್ನು ಇಳಿಸುವುದು ಸಹಜ. ರಾತ್ರಿ ಕಳೆಯುವಷ್ಟರಲ್ಲಿ ಒಂದು ಬಕೆಟ್ಟು. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನದ ಒಣಗಾಳಿಯಲ್ಲಿ ಅದೇ ಯಂತ್ರವು ಜಿಪುಣತನದಿಂದ ತೊಟ್ಟಿಕ್ಕುತ್ತದೆಯಾದ್ದರಿಂದ, ಬೆಂಗಳೂರಿನ ಬಂಧುಗಳ ಅನುಭವವನ್ನು ಮಂಗಳೂರಿಗೆ ಹೊಂದಿಸುವುದು ಅತಿವ್ಯಾಪ್ತಿಯೆಂಬ ದೋಷಕ್ಕೆ ಪಾತ್ರವಾದದ್ದು.

ಇನ್ನೂ ಒಂದು ಗೂಢವಿದೆ. 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರನು ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕೆ ಈ ಬಗೆಯ ಯಂತ್ರವನ್ನು ಯೋಜಿಸಿದಾಗ ಯಾರ ಸೆಖೆಯೂ ಅವನ ಗಮನದಲ್ಲಿರಲಿಲ್ಲ. ಆರ್ದ್ರತೆಯ ಏರಿಳಿತದಿಂದ ಕಾಗದವು ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂಡದೆ ಹೋಗುತ್ತಿದ್ದುದನ್ನು ತಪ್ಪಿಸುವುದೇ ಉದ್ದೇಶವಾಗಿತ್ತು. ಆದ್ದರಿಂದ ಗಾಳಿಯಿಂದ ನೀರನ್ನು ಬೇರ್ಪಡಿಸುವುದೇ ಈ ಯಂತ್ರದ ಮುಖ್ಯಕರ್ಮ, ತಂಪು ಆನುಷಂಗಿಕ ಎಂದು ವಾದಿಸಲವಕಾಶವಿದೆ. ಮುಖ್ಯಕರ್ಮದ ಅಂತ್ಯವಿಧಿಯನ್ನು ನೆರವೇರಿಸುವ ಪಂಪಿಗೆ ಮಾತ್ರ ಷೋರೂಮಿನಲ್ಲಿ ನಕ್ಷತ್ರಗಳ ಚೀಟಿ ಅಂಟಿಸುವವರು ಯಾರೂ ಇಲ್ಲ.

೩. ಮತಭೇದ ಪ್ರಕರಣ

ನೀರಿನ ನಿರ್ಗಮನದ ವಿಷಯದಲ್ಲಿ ಎರಡು ಪ್ರಸ್ಥಾನಗಳು ಪ್ರಸಿದ್ಧವಾಗಿವೆ. ಗುರುತ್ವವಾದಿಗಳು ಹೇಳುವುದೇನೆಂದರೆ, ನೀರು ಸ್ವಭಾವತಃ ಕೆಳಕ್ಕೆ ಹರಿಯತಕ್ಕದ್ದು, ಅದಕ್ಕೆ ಬೇಕಾದದ್ದು ಇಳಿಜಾರು ಮಾತ್ರ. ನೂರಡಿಗೆ ಒಂದಡಿಯಷ್ಟಾದರೂ, ಸಾಧ್ಯವಾದರೆ ಅಡಿಗೆ ಕಾಲಂಗುಲದಷ್ಟು ಸ್ಲೋಪು ಕೊಟ್ಟರೆ ಭೂಮಿಯು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಭೂಮಿಗೆ ಕರೆಂಟು ಬೇಡ, ಅದರ ಆಕರ್ಷಣೆಗೆ ವಾರಂಟಿ ಮುಗಿಯುವುದಿಲ್ಲ. ಯಂತ್ರವಾದಿಗಳಾದರೋ, ಇಳಿಜಾರಿಲ್ಲದ ಕಡೆಯಲ್ಲಿ ಸ್ವಭಾವದ ಮಾತನ್ನಾಡುವುದು ವ್ಯರ್ಥವೆಂದೂ, ಅಲ್ಲಿ ಪುರುಷಪ್ರಯತ್ನವೇ ಗತಿಯೆಂದೂ ಉತ್ತರಿಸುತ್ತಾರೆ.

ಪುರುಷಪ್ರಯತ್ನವು ಎರಡು ವಿಧ. ಅಮೆರಿಕದ ಎಷ್ಟೋ ಮನೆಗಳಲ್ಲಿ ಯಂತ್ರವು ನೆಲಮಾಳಿಗೆಯಲ್ಲಿದ್ದು ಚರಂಡಿಯು ತಲೆಯ ಮೇಲಿರುವುದರಿಂದ ಅಲ್ಲಿ ತೊಟ್ಟಿಯ ಪಂಪು ರೂಢಿಯಲ್ಲಿದೆ: ಸಣ್ಣ ತೊಟ್ಟಿಯಲ್ಲಿ ನೀರು ಏರಿದಂತೆ ತೇಲುಗುಂಡು, ಎಂದರೆ ಫ್ಲೋಟು ಏರಿ, ಸ್ವಿಚ್ಚನ್ನು ಒತ್ತಿ, ಮೋಟರು ತಿರುಗಿ, ನೀರು ಹೋಗಿ, ಫ್ಲೋಟು ಇಳಿದು, ಎಲ್ಲವೂ ಶಾಂತವಾಗುತ್ತದೆ. ನಮ್ಮ ಗೋಡೆಯ ಸ್ಪ್ಲಿಟ್ ಎ.ಸಿ.ಗಳಿಗೆ ಹಾಕುವುದು ಮಿನಿ ಪಂಪು. ಇದರ ಫ್ಲೋಟಿನ ತಲೆಯಲ್ಲಿ ಒಂದು ಪುಟ್ಟ ಅಯಸ್ಕಾಂತ, ಪಂಪಿನ ಹೊಟ್ಟೆಯಲ್ಲಿ ವಿದ್ಯುತ್ಕಾಂತದ ಬಲದಿಂದ ಹಿಂದೆ ಮುಂದೆ ಓಡಾಡುವ ಪಿಸ್ಟನ್ನು, ಬಾಯಿಯಲ್ಲಿ ಕಿರುಬೆರಳಿಗಿಂತ ತೆಳುವಾದ ನಳಿಕೆ. ಚಾವಣಿಯೊಳಗೆ ಕೂರುವ ಕ್ಯಾಸೆಟ್ ಎ.ಸಿ.ಗಳಲ್ಲಿ ಪಂಪು ಹುಟ್ಟಿನಿಂದಲೇ ಬಂದಿರುತ್ತದೆ.

೪. ಪ್ರಮಾಣ ಪ್ರಕರಣ

ಈಗ ಪಂಪಿನ ಅಸ್ತಿತ್ವವನ್ನು ತಿಳಿಯುವ ಬಗೆ ಹೇಗೆಂಬುದನ್ನು ವಿಚಾರಿಸೋಣ. ಪ್ರತ್ಯಕ್ಷವು ಸಾಧ್ಯವಿಲ್ಲ, ಅದು ಫಾಲ್ಸ್ ಸೀಲಿಂಗಿನ ಮೇಲಿದೆ. ಉಪಮಾನವೂ ಸಾಧ್ಯವಿಲ್ಲ, ಅದನ್ನು ಹೋಲುವ ವಸ್ತುವನ್ನು ಗೃಹಸ್ಥನು ಕಂಡಿಲ್ಲ. ಸರಿಯಾಗಿ ನಡೆಯುತ್ತಿರುವ ಪಂಪು ಯಾರ ಜ್ಞಾನಕ್ಕೂ ವಿಷಯವಾಗುವುದಿಲ್ಲ. ಭಾಟ್ಟಮೀಮಾಂಸಕರು ಕಾಣದಿರುವಿಕೆಯಿಂದಲೇ ಅಭಾವವನ್ನು ತಿಳಿಸುವ ಅನುಪಲಬ್ಧಿಯೆಂಬ ಆರನೆಯ ಪ್ರಮಾಣವನ್ನು ಒಪ್ಪಿದ್ದು ಈ ಪಂಪಿಗಾಗಿಯೇ ಇರಬೇಕೆಂದು ನಮಗೆ ತೋರುತ್ತದೆ. ಏಕೆಂದರೆ ಪಂಪಿನ ಅಭಾವವೇ ಪಂಪಿನ ಮೊದಲ ಪರಿಚಯ. ಶಬ್ದಪ್ರಮಾಣವೂ ಉಂಟು, ಅದು ಕೆಳಮನೆಯವರ ವಾಕ್ಯ: “ನಿಮ್ಮ ಏಸಿ ನೀರು ನಮ್ಮ ಬಾಲ್ಕನಿಗೆ ಬೀಳ್ತಾ ಉಂಟು ಮಾರಾಯ್ರೆ, ಒಗೆದ ಬಟ್ಟೆ ಎಲ್ಲ ಚಂಡಿ.” ಇದು ಆಪ್ತವಾಕ್ಯವಾದ್ದರಿಂದ ಪ್ರಶ್ನಿಸತಕ್ಕದ್ದಲ್ಲ.

ಅನುಮಾನದಲ್ಲಿ ಮಾತ್ರ ಎಚ್ಚರ ಬೇಕು. ಹೊಗೆಯಿದ್ದಲ್ಲಿ ಬೆಂಕಿಯಿರುವಂತೆ ಗೋಡೆಯಲ್ಲಿ ಕಲೆಯಿದ್ದಲ್ಲಿ ಪಂಪು ಕೆಟ್ಟಿದೆಯೆಂಬ ವ್ಯಾಪ್ತಿಯನ್ನು ಹೇಳುವವರುಂಟು; ಇದು ಹೇತ್ವಾಭಾಸ. ಫಿಲ್ಟರಿನಲ್ಲಿ ಧೂಳು ಮುಚ್ಚಿಕೊಂಡು ಗಾಳಿ ಸಾಲದೆ ಕಾಯಿಲಿನ ಮೇಲೆ ಮಂಜು ಕಟ್ಟಿದರೆ, ಎ.ಸಿ. ನಿಲ್ಲಿಸಿದ ಮೇಲೆ ಅದು ಕರಗಿ, ಟ್ರೇಯನ್ನು ಮೀರಿ ಧಾರೆಯಾಗುತ್ತದೆ. ಇಲ್ಲಿ ಪಂಪು ನಿರಪರಾಧಿ. ತಾಮ್ರದ ಪೈಪಿಗೆ ಸುತ್ತಿದ ಕಪ್ಪು ಫೋಮು ಹರಿದಿದ್ದರೆ ಪೈಪಿನ ಮೈಯೇ ಬೆವರಿ ಹನಿಯುತ್ತದೆ; ಇಲ್ಲಿಯೂ ನಿರಪರಾಧಿ. ಮೆಕ್ಯಾನಿಕ್ಕನು ಏಣಿಯನ್ನು ಒರಗಿಸುವ ಮೊದಲೇ “ಗ್ಯಾಸ್ ಇಲ್ಲ ಸಾರ್, ಹಾಕ್ಬೇಕು” ಎನ್ನುವುದುಂಟಷ್ಟೆ. ಗ್ಯಾಸು ಕಡಿಮೆಯಾದರೂ ಕಾಯಿಲಿನಲ್ಲಿ ಮಂಜು ಕಟ್ಟುವುದರಿಂದ ಆ ಮಾತು ಕೆಲವೊಮ್ಮೆ ನಿಜವೂ ಆಗುತ್ತದೆ. ಹುಳು ಕೊರೆದ ಗೆರೆಯು ಆಕಸ್ಮಿಕವಾಗಿ ಅಕ್ಷರವಾಗುವ ಈ ಬಗೆಗೆ ಶಾಸ್ತ್ರದಲ್ಲಿ ಘುಣಾಕ್ಷರನ್ಯಾಯವೆಂದು ಹೆಸರು.

೫. ದೋಷ ಪ್ರಕರಣ

ಪಂಪು ನಿಜವಾಗಿ ಅಪರಾಧಿಯಾಗುವ ಸಂದರ್ಭಗಳು ಐದು. ಮೊದಲನೆಯದೂ ಪ್ರಧಾನವಾದದ್ದೂ ಲೋಳೆ. ಕೋಣೆಯ ಧೂಳು, ಚರ್ಮದ ಹುಡಿ, ಒಗ್ಗರಣೆಯ ಜಿಡ್ಡು, ಊದುಬತ್ತಿಯ ಮಸಿ ಇವೆಲ್ಲವೂ ಕಾಯಿಲಿನಿಂದ ತೊಳೆದು ಬಂದು, ಕತ್ತಲೆಯಲ್ಲಿ ತಣ್ಣಗೆ ನಿಂತ ನೀರಿನಲ್ಲಿ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ, ಗಂಜಿಯ ಕೆನೆಯಂತೆ ನಡುಗುವ ಬಿಳಿಯ ಪೊರೆಯೊಂದನ್ನು ಬೆಳೆಸುತ್ತವೆ. ಇದು ಫ್ಲೋಟನ್ನು ಹಿಡಿದುಕೊಂಡಾಗ, ಕೆಳಗೆ ಹಿಡಿದರೆ ಪಂಪು ಏಳುವುದಿಲ್ಲ, ಮೇಲೆ ಹಿಡಿದರೆ ನಿಲ್ಲುವುದಿಲ್ಲ. ನೀರಿಲ್ಲದೆ ಓಡಿದ ಪಿಸ್ಟನ್ನು ಬಿಸಿಯಾಗಿ ಸವೆಯುತ್ತದೆ. ಎರಡನೆಯದು, ನೀರು ಹಿಂದಿರುಗದಂತೆ ತಡೆಯುವ ನಾನ್‌ರಿಟರ್ನ್ ವಾಲ್ವಿನಲ್ಲಿ ಕಸ ಸಿಕ್ಕಿ ಅದು ಮುಚ್ಚದಿರುವುದು: ಎತ್ತಿದ ನೀರು ನಳಿಕೆಯಿಂದ ಮರಳಿ ಇಳಿಯುತ್ತದೆ, ಫ್ಲೋಟು ಮತ್ತೆ ಏಳುತ್ತದೆ, ಪಂಪು ಛಲ ಬಿಡದ ತ್ರಿವಿಕ್ರಮನಾಗಿ ಅದೇ ನೀರನ್ನು ಬೆಳಗಿನವರೆಗೆ ಎತ್ತುತ್ತದೆ. ಮೂರನೆಯದು, ನಳಿಕೆಯ ಕೊನೆಯು ಪಂಪಿಗಿಂತ ಬಹಳ ಕೆಳಗಿದ್ದಾಗ ನೀರು ತಾನೇ ಎಳೆದುಕೊಂಡು ಹೋಗುವ ಸೈಫನ್ನು. ಆಗ ಪಂಪು ಗಾಳಿಯನ್ನು ಹೀರಿ ಗೊರಗೊರ ಸದ್ದು ಮಾಡುತ್ತದೆ, ಅದಕ್ಕೆಂದೇ ಸೈಫನ್ ತಡೆಯುವ ಸಣ್ಣ ಸಾಧನವನ್ನು ಜೋಡಿಸಬೇಕು. ನಾಲ್ಕನೆಯದು ಶುಚಿತ್ವದಿಂದಲೇ ಹುಟ್ಟುವ ದೋಷ: ತೊಳೆದ ಫ್ಲೋಟನ್ನು ಅಯಸ್ಕಾಂತವು ಕೆಳಗಾಗುವಂತೆ ತಲೆಕೆಳಗಾಗಿ ಇಟ್ಟರೆ, ನಿನ್ನೆಯವರೆಗೆ ಕೊಳಕಾಗಿಯಾದರೂ ನಡೆಯುತ್ತಿದ್ದ ಪಂಪು ಇಂದು ಶುಭ್ರವಾಗಿ ನಿಂತುಹೋಗುತ್ತದೆ. ಐದನೆಯದು ವಿದ್ಯುತ್ತಿನ ದೋಷ: ಪಂಪಿನ ಸಂಪರ್ಕವನ್ನು ಕಂಪ್ರೆಸರಿನ ತಂತಿಗೆ ಕೊಟ್ಟರೆ ಕಂಪ್ರೆಸರು ನಿಂತಾಗ ಪಂಪೂ ನಿಲ್ಲುತ್ತದೆ, ಕಾಯಿಲಿನಿಂದ ಇಳಿಯಬೇಕಾದ ನೀರು ಮಾತ್ರ ನಿಲ್ಲುವುದಿಲ್ಲ; ಪಂಪಿಗೆ ಸದಾ ಇರುವ ಬೇರೆಯ ಸಂಪರ್ಕವೇ ಯುಕ್ತ.

ಈ ಐದನ್ನೂ ಮೀರಿದ ಮಹಾದೋಷ ಒಂದಿದೆ. ಬಹುತೇಕ ಪಂಪುಗಳಿಂದ ಎರಡು ತಂತಿಗಳು ಹೆಚ್ಚಾಗಿಯೇ ಹೊರಬಂದಿರುತ್ತವೆ. ನೀರು ಮಿತಿಮೀರಿ ಏರಿದರೆ ಅವು ಎ.ಸಿ.ಯನ್ನೇ ನಿಲ್ಲಿಸಿ ಹೊಸ ನೀರು ಹುಟ್ಟದಂತೆ ಮಾಡುತ್ತವೆ. ಸೀಲಿಂಗಿನ ಹಲಗೆಯನ್ನು ಸರಿಸಿ ಟಾರ್ಚು ಹಿಡಿದು ನೋಡಿದರೆ ಆ ಎರಡು ತಂತಿಗಳು ಎಲ್ಲಿಗೂ ಸೇರದೆ, ಕಪ್ಪು ಇನ್ಸುಲೇಷನ್ ಟೇಪಿನಲ್ಲಿ ಒಟ್ಟಿಗೆ ಸುತ್ತಿಸಿಕೊಂಡು, ಪೈಪಿನ ಪಕ್ಕದಲ್ಲಿ ಯೋಗನಿದ್ರೆಯಲ್ಲಿರುವುದನ್ನು ಕಾಣಬಹುದು. ಯಂತ್ರಶಾಸ್ತ್ರಜ್ಞರು ಯಂತ್ರದೊಳಗೇ ಇಟ್ಟ ರಕ್ಷಾಮಂತ್ರವನ್ನು ಅಳವಡಿಸುವವರು ಉಚ್ಚರಿಸದೆ ಹೋದದ್ದೇ ಎಷ್ಟೋ ಸೀಲಿಂಗುಗಳ ಪತನಕ್ಕೆ ಕಾರಣ.

೬. ಪ್ರಾಯಶ್ಚಿತ್ತ ಪ್ರಕರಣ

ಆಯುಧಪೂಜೆಯ ದಿನ ಸ್ಕೂಟರಿಗೂ ಮಿಕ್ಸಿಗೂ, ಭಕ್ತಿ ಹೆಚ್ಚಾದ ಮನೆಗಳಲ್ಲಿ ಎ.ಸಿ.ಯ ರಿಮೋಟಿಗೂ ಕುಂಕುಮವಿಡುವ ನಾವು ಪಂಪನ್ನು ನೆನೆಯುವುದಿಲ್ಲ. ಅದಕ್ಕೆ ಬೇಕಾದ ಪೂಜೆಯು ಅಭಿಷೇಕ. ವಿಧಿ ಹೀಗಿದೆ: ಪ್ರಥಮತಃ ಎಂ.ಸಿ.ಬಿ. ಇಳಿಸತಕ್ಕದ್ದು. ಬಳಿಕ ಪಂಪಿನ ಫ್ಲೋಟಿರುವ ತೊಟ್ಟಿಯನ್ನು ಬಿಚ್ಚಿ, ಫ್ಲೋಟು ಕುಳಿತಿದ್ದ ರೀತಿಯನ್ನು ಗಮನಿಸಿಕೊಂಡು, ಅದನ್ನೂ ಜಾಲರಿಯನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ನೀರು ಬೆರೆಸಿದ ವಿನೆಗರಿನಿಂದ ತೊಳೆದು, ಮತ್ತೆ ಬರಿಯ ನೀರಿನಿಂದ ತೊಳೆಯಬೇಕು. ವಿನೆಗರನ್ನು ತಾಮ್ರದ ಕಾಯಿಲಿಗೆ ಚೆಲ್ಲಬಾರದು, ಅದು ಲೋಹವನ್ನು ತಿನ್ನುತ್ತದೆ. ಬ್ಲೀಚಿಂಗ್ ದ್ರಾವಣದೊಡನೆ ಎಂದಿಗೂ ಬೆರೆಸಬಾರದು, ವಿಷವಾದ ಕ್ಲೋರಿನ್ ಏಳುತ್ತದೆ. ಈ ವಾಕ್ಯದಲ್ಲಿ ಹಾಸ್ಯವಿಲ್ಲ. ಎಲ್ಲವನ್ನೂ ಜೋಡಿಸಿ, ಕರೆಂಟು ಕೊಟ್ಟು, ಟ್ರೇಗೆ ನೀರನ್ನು ಮೆಲ್ಲಗೆ ಸುರಿದು ಕಿವಿಗೊಡತಕ್ಕದ್ದು. ಸದ್ದು ಎದ್ದು, ನೀರು ಹೊರಗೆ ಬಿದ್ದು, ಸದ್ದು ಅಡಗಿದರೆ ಪಂಪು ಶುದ್ಧವಾಯಿತು. ಕಾಲವು, ಬೇಸಗೆಗೆ ಮುನ್ನ ಒಂದು ಸಲ ಕಡ್ಡಾಯ, ಕರಾವಳಿಯಲ್ಲಿ ಎ.ಸಿ. ದಿನವೂ ನಡೆಯುವ ಮನೆಗೆ ಮೂರು ತಿಂಗಳಿಗೊಮ್ಮೆ.

ಹೊರಬಂದ ನೀರಿನ ವಿನಿಯೋಗವನ್ನು ಸಂಕ್ಷೇಪವಾಗಿ ಹೇಳುವುದಾದರೆ, ದುಬೈಯ ಬುರ್ಜ್ ಖಲೀಫಾದಲ್ಲಿ ಮಾಡುವಂತೆ ಅದನ್ನು ಗಿಡಗಳಿಗೆ ಉಣಿಸಬಹುದು. ಕಾಯಿಲಿನ ಲೋಹದ ಅಂಶವೂ ಕೊಳೆಯೂ ಸೇರಿರುವುದರಿಂದ ಕುಡಿಯಲೂ ಆಗದು, ಇನ್ವರ್ಟರ್ ಬ್ಯಾಟರಿಗೆ ಹಾಕಲೂ ಆಗದು.

೭. ಸಿದ್ಧಾಂತ ಮತ್ತು ಫಲಶ್ರುತಿ

ಆದುದರಿಂದ ಸಿದ್ಧಾಂತವು ಇಷ್ಟು: ಇಳಿಜಾರು ಸಿಗುವ ಕಡೆಯಲ್ಲಿ ಗುರುತ್ವವಾದಿಗಳ ಮತವೇ ಶ್ರೇಷ್ಠ, ಪಂಪು ಬೇಡ, ಸಿಗದ ಕಡೆಯಲ್ಲಿ ಪಂಪು ಅನಿವಾರ್ಯ, ಆಗ ಆ ಎರಡು ತಂತಿಗಳನ್ನು ಜೋಡಿಸದೆ ಮೆಕ್ಯಾನಿಕ್ಕನನ್ನು ಏಣಿಯಿಂದ ಇಳಿಯಗೊಡಬಾರದು. ಪಂಪು ಕೆಟ್ಟಿತೆಂದು ದೂರುವವರಲ್ಲಿ ಹಲವರ ಮನೆಯಲ್ಲಿ ಕೆಟ್ಟದ್ದು ನೆನಪು. ಯಂತ್ರದ ವಿಶ್ವಾಸಾರ್ಹತೆಯು ಯಜಮಾನನ ವಿಶ್ವಾಸಾರ್ಹತೆಯನ್ನು ಮೀರಿ ಬೆಳೆಯಲಾರದು.

ಈ ಮೀಮಾಂಸೆಯನ್ನು ಆಚರಿಸಿದವನಿಗೆ ಗೋಡೆ ಒಣಗಿರುತ್ತದೆ, ಬಾಡಿಗೆಯ ಮನೆಯಾದರೆ ಅಡ್ವಾನ್ಸು ಪೂರ್ತಿಯಾಗಿ ಹಿಂದಿರುಗುತ್ತದೆ, ಲಿಫ್ಟಿನಲ್ಲಿ ಕೆಳಮನೆಯವರು ಮುಖವೆತ್ತಿ ಮಾತನಾಡಿಸುತ್ತಾರೆ. ಬರಿದೇ ಓದಿದವನಿಗೆ ಯಾವ ಫಲವೂ ಹೇಳಲ್ಪಟ್ಟಿಲ್ಲ. ಆದ್ದರಿಂದ ವಾಚಕ ಮಹಾಶಯರೇ, ಈ ಭಾನುವಾರವೇ ಏಣಿ ಹಾಕಿರಿ.