ಹದಿನಾರರ ಸಿನಿಮಾ

ಹೆಡ್‌ಮಾಸ್ಟರು: ಹತ್ತನೇ ಕ್ಲಾಸಿಗೆ ಸಿನಿಮಾ ತೋರಿಸ್ತೀರಂತೆ. ಸರ್ಟಿಫಿಕೇಟ್ ಏನ್ರೀ?

ಕನ್ನಡ ಮೇಷ್ಟ್ರು: ಯುಎ 16+ ಸಾರ್. 2024ರಲ್ಲಿ ಸೆನ್ಸಾರ್‌ನವರು ಯುಎಯನ್ನ 7, 13, 16 ಅಂತ ಮೂರು ಹೋಳು ಮಾಡಿದ್ರಲ್ಲ.

ಹೆಡ್‌ಮಾಸ್ಟರು: ಅರ್ಧ ಮಕ್ಕಳಿಗೆ ಇನ್ನೂ 15!

ಮೇಷ್ಟ್ರು: ಅಪ್ಪ-ಅಮ್ಮನ್ನ ಕೇಳೋಣ. ನಿಯಮವೂ ಅಷ್ಟೇ ಹೇಳೋದು.

ಹೆಡ್‌ಮಾಸ್ಟರು: ಬೇಡಪ್ಪಾ, ಅವರೂ ನೋಡೋಕೆ ಬಂದುಬಿಡ್ತಾರೆ. ಬೆಂಚು ಸಾಲಲ್ಲ. ಹೊಡೆದಾಟ ಇದೆಯಾ?

ಮೇಷ್ಟ್ರು: ಸ್ವಲ್ಪ. ರನ್ನನ ಗದಾಯುದ್ಧದಲ್ಲಿ ಭೀಮ ತೊಡೆ ಮುರಿಯೋದನ್ನ ನಾನೇ ಪಾಠ ಮಾಡಿದೀನಲ್ಲ ಸಾರ್?

ಹೆಡ್‌ಮಾಸ್ಟರು: ಅದು ಹಳಗನ್ನಡ ಕಣ್ರೀ. ಯಾರಿಗೆ ಅರ್ಥವಾಗುತ್ತೆ!

(ಮೇಷ್ಟ್ರ ಮುಖ ಸಣ್ಣದಾಯಿತು. ಇಪ್ಪತ್ತು ವರ್ಷದ ಸರ್ವಿಸು, ಪಾಪ.)

ಮೇಷ್ಟ್ರು: ಹುಡುಗರೆಲ್ಲ ಮೊಬೈಲಲ್ಲಿ ಆಗಲೇ ನೋಡಿದಾರೆ ಸಾರ್.

ಹೆಡ್‌ಮಾಸ್ಟರು: ಮತ್ತೆ ತೋರಿಸೋದು ಯಾರಿಗೆ?

ಮೇಷ್ಟ್ರು: ನಾನಿನ್ನೂ ನೋಡಿಲ್ಲ.