ಪೃಷ್ಠ ವಿಭೇದಕ ಭಂಗ ಮೀಮಾಂಸೆ: ಒಂದು ತಾತ್ವಿಕ ಅನುಸಂಧಾನ

ಅಧ್ಯಾಯ 1: ಪಾಠಾಂತರಗಳು

ಪ್ರಸ್ತುತ ಸಂಪ್ರಬಂಧವು ಪಿಕಪ್ ವಾಹನದ ಹಿಂದಿನ ಅಚ್ಚಿನ ನಟ್ಟನಡುವೆ ಗರ್ಭಸ್ಥವಾಗಿರುವ, ಕುಂಬಳಕಾಯಿ ಗಾತ್ರದ ಕಬ್ಬಿಣದ ಗಡಿಗೆಯೊಂದರ ಅಸ್ತಿತ್ವವನ್ನೂ ಅನಸ್ತಿತ್ವವನ್ನೂ ಆ ಎರಡರ ನಡುವೆ ಕೇಳಿಬರುವ ಗೊರಗೊರ ಸದ್ದನ್ನೂ ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವ ಒಂದು ವಿನಮ್ರ ಪ್ರಯತ್ನವಾಗಿದೆ. 'ವಿನಮ್ರ' ಎಂಬ ಮಾತನ್ನು ಸಂಪ್ರದಾಯದಂತೆ ಸೇರಿಸಲಾಗಿದೆ.

ಮೊದಲಿಗೆ ಹೆಸರಿನ ಪ್ರಶ್ನೆ. ನಾನಿದನ್ನು 'ವಿಭೇದಕ' ಎಂದು ಕರೆದಿದ್ದೇನೆ. ಅವಕಲನ ಗಣಿತದಿಂದ ಸಾಲ ತಂದು 'ಅವಕಲಕ' ಎಂದೂ ಕರೆಯಬಹುದಿತ್ತು. ಎರಡರಲ್ಲಿ ಯಾವುದನ್ನು ಉಚ್ಚರಿಸಿದರೂ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಒಂದು ವಾಷರೂ ಸಿಗುವುದಿಲ್ಲ. ಕ್ಷೇತ್ರಕಾರ್ಯದಲ್ಲಿ ದೊರೆತ ಪಾಠಾಂತರಗಳು ಇಂತಿವೆ: ಡಿಫರೆನ್ಷಿಯಲ್ (ಮುದ್ರಿತ ಪಾಠ), ಡಿಪ್ರೆನ್ಸಲ್, ಡಿಫ್ರೆನ್ಸು, ಡಿಪ್ರೆಸನ್. ಕೊನೆಯದರ ಪ್ರಾಚೀನತೆ ವಿವಾದಾಸ್ಪದವಾದರೂ ಅದರ ಅಧಿಕೃತತೆಗೆ ನಾನೇ ಸಾಕ್ಷಿ. ರಾತ್ರಿ ಹನ್ನೊಂದರ ಮೇಲೆ ಚಿಕ್ಕಪ್ಪನ ಮಗ ಫೋನ್ ಮಾಡಿ "ಅಣ್ಣಾ, ಡಿಪ್ರೆಸನ್ ಹೋಯ್ತು" ಎಂದ. "ಒಳ್ಳೇದೇ ಆಯ್ತಲ್ಲ, ಮಲಕೋ" ಎಂದೆ. ಆಮೇಲೆ ಅವನು ಬಳಸಿದ ಪದಪುಂಜಗಳು ಪ್ರಸ್ತುತ ಅಧ್ಯಯನದ ವ್ಯಾಪ್ತಿಯ ಹೊರಗಿವೆ.

ಅಧ್ಯಾಯ 2: ಪೂರ್ವಸೂರಿಗಳು

ಎತ್ತಿನ ಗಾಡಿಗೆ ವಿಭೇದಕವಿಲ್ಲ. ಅದರ ಚಕ್ರಗಳು ಅಚ್ಚಿನ ಮೇಲೆ ತಂತಮ್ಮ ಪಾಡಿಗೆ ತಿರುಗುತ್ತವೆ, ಎಳೆಯುವ ಕೆಲಸ ಎತ್ತಿನದು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಉರುಳುವುದರಿಂದ ಯಾರಿಗೂ ತೊಂದರೆಯಿಲ್ಲ. ಎಂಜಿನ್ನು ಬಂದು ಅಚ್ಚನ್ನೇ ತಿರುಗಿಸತೊಡಗಿದಾಗ ಪೇಚು ಶುರುವಾಯಿತು: ಎರಡು ಚಕ್ರಕ್ಕೂ ಬಲ ಕೊಡಬೇಕು, ಆದರೆ ಒಂದೇ ವೇಗದಲ್ಲಿ ಕಟ್ಟಿಹಾಕಬಾರದು. ಫ್ರಾನ್ಸಿನ ಒನೆಸಿಫೋರ್ ಪೆಕರ್ 1827ರಲ್ಲಿ ಉಗಿಬಂಡಿಗಾಗಿ ಇದಕ್ಕೆ ಹಲ್ಲುಚಕ್ರಗಳ ಪರಿಹಾರ ಹುಡುಕಿದ. 1926ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರಿನಲ್ಲಿ ಹೈಪಾಯ್ಡ್ ಗೇರು ಬಂತು. ಪಿನಿಯನ್ನೆಂಬ ಚಿಕ್ಕ ಹಲ್ಲುಚಕ್ರ ಕ್ರೌನೆಂಬ ದೊಡ್ಡದರ ನಡುಮಟ್ಟ ಬಿಟ್ಟು ಕೆಳಗಿಳಿಯಿತು, ಎಂಜಿನ್ನಿನ ಬಲ ತರುವ ಪ್ರೊಪೆಲ್ಲರ್ ಶಾಫ್ಟೂ ಅದರ ಜೊತೆ ಇಳಿದು ಗಾಡಿಯ ತಳ ತಗ್ಗಿತು. ಆದರೆ ಹಲ್ಲಿನ ಮೇಲೆ ಹಲ್ಲು ಉರುಳುವುದರ ಜೊತೆಗೆ ಇನ್ನಷ್ಟು ಜಾರತೊಡಗಿತು. ಆ ಒತ್ತಡಕ್ಕೆ ಸಾಮಾನ್ಯ ಎಣ್ಣೆ ತಡೆಯದು. ಗಂಧಕ ಬೆರೆತ ಗೇರ್ ಆಯಿಲ್ಲೇ ಬೇಕು. ಒಮ್ಮೆ ಅಂಗಿಗೆ ತಗುಲಿದರೆ ಅಂಗಿ ಹರಿಯುವ ತನಕ ಬಿಡದ ಆ ನಾತದ ಮೂಲ ಇದೇ.

ವಿಭೇದಕಕ್ಕೊಂದು ತಾತ್ವಿಕ ದೋಷವಿದೆ. ಒಂದು ಚಕ್ರ ಕೆಸರಿಗೆ ಇಳಿದರೆ ಸುತ್ತೆಲ್ಲ ಅದರದ್ದೇ. ಗಟ್ಟಿ ನೆಲದ ಮೇಲಿರುವ ಚಕ್ರ ಅಲ್ಲಾಡದೆ ನಿಂತಿರುತ್ತದೆ. ಎಂಜಿನ್ ಕೂಗುತ್ತದೆ, ಕೆಸರು ಹಾರುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ. ಮೂವತ್ತು ವರ್ಷ ವಿಚಾರ ಸಂಕಿರಣಗಳಲ್ಲಿ ಕೂತವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಧ್ಯಾಯ 3: ಧ್ವನಿ ಪ್ರಸ್ಥಾನ

ಕಾವ್ಯದ ಆತ್ಮ ಧ್ವನಿ ಎಂದು ಒಂಬತ್ತನೆಯ ಶತಮಾನದ ಆನಂದವರ್ಧನ ಸಾಧಿಸಿದ. ಹಿಂದಿನ ಅಚ್ಚಿನ ಆತ್ಮವೂ ಧ್ವನಿಯೇ ಎಂಬುದು ನನ್ನ ಪ್ರಾಕ್ಕಲ್ಪನೆ. ಇಲ್ಲಿನ ಧ್ವನಿ ಎಂಟು ವಿಧ.

ಒಂದು, ಆರೋಹಣ ಧ್ವನಿ. ಆಕ್ಸಿಲರೇಟರ್ ತುಳಿದಾಗ ಮಾತ್ರ 'ಊಂ' ಎಂದು ಎದ್ದು ವೇಗದ ಜೊತೆ ಶ್ರುತಿ ಏರಿಸುತ್ತದೆ. ವಾಚ್ಯಾರ್ಥ: ಗಾಡಿ ಓಡುತ್ತಿದೆ. ವ್ಯಂಗ್ಯಾರ್ಥ: ಕ್ರೌನ್ ಪಿನಿಯನ್ ಹಲ್ಲು ಸವೆಯುತ್ತಿದೆ.

ಎರಡು, ವಿರಹ ಧ್ವನಿ. ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಜಾರಿನಲ್ಲಿ ಬಿಟ್ಟಾಗ ನರಳುವುದು. ಅನುಮಾನ ಪಿನಿಯನ್ ಬೇರಿಂಗಿನ ಮೇಲೆ.

ಮೂರು, ಸ್ಫೋಟ. ಕ್ಲಚ್ ಬಿಟ್ಟು ಹೊರಟಾಗ 'ಕಟಕ್' ಎಂಬ ಏಕಾಕ್ಷರಿ. (ಮೂರಕ್ಷರವಿದೆ ಎಂದು ಆಕ್ಷೇಪಿಸುವವರು ಗಾಡಿಯಲ್ಲಿ ಕೂತು ಕೇಳಬೇಕು.) ಹಲ್ಲುಗಳ ನಡುವಿನ ಪ್ಲೇ ಹೆಚ್ಚಾಗಿದೆ, ಇಲ್ಲವೇ ಜಾಯಿಂಟ್ ಕ್ರಾಸ್ ಸಡಿಲಾಗಿದೆ. ಈ ದ್ವಂದ್ವಾರ್ಥವನ್ನು ಶ್ಲೇಷೆ ಎನ್ನಬಹುದು.

ನಾಲ್ಕು, ತಿರುವಿನಲ್ಲಷ್ಟೇ ಕೇಳುವ ಕರಕರ. ಒಳಗಿನ ಸ್ಟಾರ್ ಗೇರುಗಳದ್ದು. ನೇರ ರಸ್ತೆಯಲ್ಲಿ ಮೌನ.

ಐದನೆಯದರಿಂದ ಎಂಟನೆಯದರ ತನಕ ಬಿಟ್ಟುಬಿಡೋಣ. ನಾಲ್ಕನೆಯದು ಕೇಳಿದ ಹತ್ತು ನಿಮಿಷಕ್ಕೆ ನಮ್ಮ ಗಾಡಿ ಮುಳಬಾಗಿಲು ದಾಟಿ ಹೆದ್ದಾರಿಯ ಪಕ್ಕ ನಿಂತಿತು. ಮೇಲೆ ನೂರಾಹತ್ತು ಬಾಕ್ಸ್ ಟೊಮೆಟೊ, ಬಾಕ್ಸಿಗೆ 15 ಕೆ.ಜಿ. ಬೆಳಗಿನ ಹರಾಜಿಗೆ ಕೋಲಾರದ ಮಾರುಕಟ್ಟೆ ಸೇರಬೇಕಿತ್ತು. ಬೇರೆ ಗಾಡಿ ಸಿಕ್ಕಿ, ಬಾಕ್ಸು ಇಳಿಸಿ ಹೇರಿ ಹೊರಡುವಷ್ಟರಲ್ಲಿ ಬಿಸಿಲೇರಿತ್ತು. ಹರಾಜು ಕೂಗುವವನು ಮುಗಿಸಿ ಟೀ ಕುಡಿಯುತ್ತಿದ್ದ. 2023ರ ಜುಲೈಯಲ್ಲಿ ಇದೇ ಮಾರುಕಟ್ಟೆಯಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿತ್ತು. ನಮ್ಮದು ಮುರಿದ ವರ್ಷ ಅದಲ್ಲ. ಅಷ್ಟು ಮಟ್ಟಿಗೆ ದೇವರು ದೊಡ್ಡವನು.

ಅಧ್ಯಾಯ 4: ಅಸೆಂಬ್ಲಿ ಸಂಕಥನ

ಸರ್ವೀಸ್ ಸೆಂಟರಿನ ಹೆಸರು ಬೇಡ. ಎಸಿ ಕೋಣೆಯಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಟ್ಯಾಬ್ಲೆಟ್ ಹಿಡಿದು "ಕಂಪ್ಲೀಟ್ ಅಸೆಂಬ್ಲಿ ರಿಪ್ಲೇಸ್‌ಮೆಂಟ್ ರೆಕಮೆಂಡೆಡ್" ಎಂದು ಓದಿದ. ಎಸ್ಟಿಮೇಟು ಹದಿನಾಲ್ಕು ಸಾಲು, ಎಲ್ಲವೂ ಇಂಗ್ಲಿಷಿನಲ್ಲಿ. ಮೊತ್ತ ಆರಂಕಿಗೆ ಕೂದಲೆಳೆ ಕಡಿಮೆ. ಒಳಗೆ ಏನು ಮುರಿದಿದೆ ಎಂದು ಕೇಳಿದೆ. "ನಾವು ಓಪನ್ ಮಾಡಲ್ಲ ಸರ್, ಪಾಲಿಸಿ." ತೆರೆಯದೆ ಹೇಗೆ ಗೊತ್ತಾಯಿತು? "ಸಿಂಪ್ಟಮ್ಸ್ ಸರ್." ಹೊರಗೆ ಬಿಚ್ಚಿಸಿದರೆ? "ವಾರಂಟಿ ವಾಯ್ಡ್." ವಾರಂಟಿ ಇನ್ನೂ ಇದೆಯೇ? ಅವನು ಪರದೆ ಸರಿಸಿ ಸರಿಸಿ ನೋಡಿ, "ಎಕ್ಸ್‌ಪೈರ್ ಆಗಿದೆ ಸರ್" ಎಂದ.

ಚಿಕ್ಕಪ್ಪನ ಮಗ ಪಕ್ಕದಲ್ಲಿ ಚಪ್ಪಲಿ ಕಳಚಿ ನಿಂತಿದ್ದ. ಆ ಕೋಣೆಯಲ್ಲಿ ಚಪ್ಪಲಿ ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ಕಂತು ಇನ್ನೂ ತೀರದ ಗಾಡಿ ಅವನದು. ಅದರ ಒಳಗೆ ಏನಾಗಿದೆ ಎಂದು ಅವನಿಗೆ ಅರ್ಥವಾಗುವ ಒಂದು ಮಾತನ್ನೂ ಆ ಹುಡುಗ ಆಡಲಿಲ್ಲ. ಹುಡುಗನ ತಪ್ಪೇನಲ್ಲ, ಅವನಿಗೂ ಯಾರೂ ಹೇಳಿಕೊಟ್ಟಿಲ್ಲ. ತಲೆಗೇರಿದ ಸಿಟ್ಟು ಅರ್ಧ ನನ್ನ ಮೇಲೇ ಇತ್ತು. ತಿಳಿಯದ್ದನ್ನು ದೊಡ್ಡ ಮಾತಿನಲ್ಲಿ ಮುಚ್ಚುವ ಈ ಕಲೆಗೆ ನಾನು ಎಷ್ಟು ವಿದ್ಯಾರ್ಥಿಗಳಿಗೆ ಅಂಕ ಕೊಟ್ಟಿಲ್ಲ! 'ಜ್ಞಾನಪರಂಪರೆ'ಯ ಮೇಲೆ ಮುನ್ನೂರು ಪುಟ ಬರೆದವರು, ಆ ಜ್ಞಾನ ಇರುವವನ ಎದುರು ಒಂದು ಗಂಟೆ ಕುಕ್ಕರಗಾಲಲ್ಲಿ ಕೂತಿದ್ದಾರೋ ಇಲ್ಲವೋ ಎಂದು ಒಮ್ಮೆಯೂ ಕೇಳಲಿಲ್ಲ.

ಐದನೆಯ ಅಧ್ಯಾಯಕ್ಕೆ 'ದೇಸಿ ಪ್ರತಿರೋಧದ ನೆಲೆಗಳು' ಎಂದು ಹೆಸರಿಟ್ಟಿದ್ದೆ. ಹೊಡೆದು ಹಾಕಿದ್ದೇನೆ.

ಕೊನೆಗೆ ಗಾಡಿಯನ್ನು ಒಬ್ಬ ಮೇಸ್ತ್ರಿಯ ಹತ್ತಿರ ಒಯ್ದೆವು. ಅವನದು ತಗಡಿನ ಶೆಡ್ಡು. ಅರವತ್ತು ದಾಟಿದ ವಯಸ್ಸು. ಮೊದಲು ಡ್ರೈನ್ ನಟ್ಟು ಬಿಚ್ಚಿ, ಬಂದಷ್ಟು ಎಣ್ಣೆಯನ್ನು ಅಂಗೈಗೆ ಹಿಡಿದು ಬಿಸಿಲಿಗೆ ತೋರಿಸಿದ. ಅರ್ಧ ಲೀಟರೂ ಇರಲಿಲ್ಲ, ಒಳಗೆ ಬೆಳ್ಳಿಯ ಮಿಣುಕು. "ಬೇರಿಂಗು" ಎಂದ. ನಟ್ಟಿನ ಅಯಸ್ಕಾಂತಕ್ಕೆ ಅಂಟಿದ್ದ ಚೂರನ್ನು ಉಗುರಲ್ಲಿ ಎತ್ತಿ, "ಇದು ಹಲ್ಲು" ಎಂದ. ನಾಲ್ಕು ಧ್ವನಿಗಳ ನನ್ನ ಶಾಸ್ತ್ರ ಅಲ್ಲಿಗೆ ಮುಗಿಯಿತು.

ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 10. ಸಮ ಭಾಗವಾಗದ ಲೆಕ್ಕ ಬೇಕೆಂದೇ ಇಟ್ಟದ್ದು: ಒಂದು ಹಲ್ಲು ತನ್ನ ಜೊತೆಯ ಹಲ್ಲನ್ನು ಮತ್ತೆ ಸೇರಬೇಕಾದರೆ ಕ್ರೌನು 10 ಸುತ್ತು ಹಾಕಬೇಕು, ಅಷ್ಟರಲ್ಲಿ ಉಳಿದೆಲ್ಲ ಹಲ್ಲುಗಳ ಜೊತೆ ಉಜ್ಜಿಯಾಗಿರುತ್ತದೆ. ಹೀಗೆ ಸವೆತ ಎಲ್ಲರಿಗೂ ಹಂಚಿಹೋಗುತ್ತದೆ. ಎರಡನ್ನೂ ಕಾರ್ಖಾನೆಯಲ್ಲಿ ಜೋಡಿಯಾಗಿ ಮಸೆದಿರುತ್ತಾರೆ, ಒಂದು ಕೆಟ್ಟರೆ ಎರಡನ್ನೂ ಬದಲಿಸಬೇಕು. "ಒಬ್ಬನ ಹೆಂಡ್ತೀನ ಇನ್ನೊಬ್ಬನಿಗೆ ಕಟ್ಟಕ್ಕಾಗಲ್ಲ ಸಾ" ಎಂದ ಮೇಸ್ತ್ರಿ.

ಹೊಸ ಜೋಡಿ, ಹೊಸ ಬೇರಿಂಗು ಹಾಕಿ, ಹಲ್ಲಿಗೆ ನೀಲಿ ಬಣ್ಣ ಬಳಿದು ಕೈಯಲ್ಲೇ ತಿರುಗಿಸಿದ. ಬಣ್ಣ ಅಳಿಸಿದ ಕಡೆ ಹಲ್ಲು ಹಲ್ಲನ್ನು ಮುಟ್ಟಿದೆ ಎಂದರ್ಥ. ಕನ್ನಡಕ ಹಣೆಗೇರಿಸಿ ಅದನ್ನು ಓದಿದ. ಓದಿದ ಎಂದೇ ಹೇಳಬೇಕು. "ದಪ್ಪನ ಕಡೆ ತಿಂತಾ ಐತೆ." ಒಂದು ಬದಿಯ ಶಿಮ್ಮನ್ನು ತೆಗೆದು ಇನ್ನೊಂದು ಬದಿಗೆ ಹಾಕಿ, ಕ್ರೌನನ್ನು ಪಿನಿಯನ್ ಕಡೆ ಒಂದು ಎಳೆ ಸರಿಸಿದ. ಮತ್ತೆ ಬಣ್ಣ, ಮತ್ತೆ ಓದು. ಐದು ಸಲ. ಡಯಲ್ ಗೇಜಿನ ಮುಳ್ಳು ಹಲ್ಲುಗಳ ನಡುವಿನ ಪ್ಲೇ 0.15 ಮಿ.ಮೀ. ಎಂದು ತೋರಿಸುವ ಹೊತ್ತಿಗೆ ಅವನ ಬೆರಳು ಆಗಲೇ ನಿಂತಿತ್ತು.

ಕಾರಣವೇನು ಎಂದು ಕೇಳಿದೆ. ಬಹುಆಯಾಮದ ಉತ್ತರಕ್ಕೆ ಸಿದ್ಧನಾಗಿದ್ದೆ. ಅವನು ಹೌಸಿಂಗಿನ ತಲೆಯ ಮೇಲಿನ ಹೆಬ್ಬೆಟ್ಟು ಗಾತ್ರದ ಬ್ರೀದರ್ ಬಿಚ್ಚಿ ಬಾಯಿಗಿಟ್ಟು ಊದಿದ. ಗಾಳಿ ಹೋಗಲಿಲ್ಲ. ಕೆರೆ ಮಣ್ಣು ಕಟ್ಟಿತ್ತು. ಓಡುವಾಗ ಕಾದು ಹಿಗ್ಗಿದ ಗಾಳಿಗೆ ಹೊರಹೋಗಲು ದಾರಿಯಿಲ್ಲ, ಅದು ಪಿನಿಯನ್ ಸೀಲನ್ನು ತಳ್ಳಿತು. ಸೀಲಿನಿಂದ ಎಣ್ಣೆ ಜಿನುಗಿತು. ಎಣ್ಣೆಯಿಲ್ಲದೆ ಬೇರಿಂಗು ಸತ್ತಿತು, ಬೇರಿಂಗು ಸತ್ತ ಮೇಲೆ ಹಲ್ಲು. ಹದಿನಾಲ್ಕು ಸಾಲಿನ ಎಸ್ಟಿಮೇಟಿನಲ್ಲಿ ಬ್ರೀದರ್ ಎಂಬ ಪದವೇ ಇರಲಿಲ್ಲ.

ಆ ಶೆಡ್ಡಿನಲ್ಲಿ ಕಲಿಯುವ ಹುಡುಗರಿಲ್ಲ. ಕೊನೆಯವನು ನರಸಾಪುರದ ಕಾರ್ಖಾನೆಗೆ ಹೋದನಂತೆ, ತಿಂಗಳ ಸಂಬಳವಿದೆ. ತಪ್ಪು ಎನ್ನಲು ನಾನ್ಯಾರು? 'ದಪ್ಪನ ಕಡೆ ತಿಂತಾ ಐತೆ' ಎಂಬುದನ್ನು ಮುಂದೆ ಯಾರು ಓದುತ್ತಾರೆ ಎಂದು ಕೇಳಿದರೆ ಮೇಸ್ತ್ರಿ ನಕ್ಕ. "ಆಗ ಅಸೆಂಬ್ಲಿನೇ ಚೇಂಜು."

ಬಿಲ್ಲನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಟ್ಟ: ಕ್ರೌನ್ ಜೋಡಿ, ಬೇರಿಂಗು, ಸೀಲು, ಎಣ್ಣೆ, ಕೂಲಿ. ಮೊತ್ತ ಎಸ್ಟಿಮೇಟಿನ ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಬ್ರೀದರಿಗೆ ದುಡ್ಡು ಹಾಕಿರಲಿಲ್ಲ, ಸೀಮೆಎಣ್ಣೆಯಲ್ಲಿ ತೊಳೆದು ಅದನ್ನೇ ಕೂರಿಸಿದ್ದ. ಮೇಲ್ಗಡೆ ದಪ್ಪಕ್ಷರದಲ್ಲಿ 'ಡಿಪ್ರೆಸನ್ ಕೆಲಸ' ಎಂದಿದೆ. ಈ ವಿಷಯವಾಗಿ ಕನ್ನಡದಲ್ಲಿ ನನಗೆ ದೊರೆತ ಏಕೈಕ ಹಸ್ತಪ್ರತಿ ಇದು. ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಪಾಠ ತಿದ್ದಲು ಹೋಗಿಲ್ಲ.